ಹತ್ತು ಎಕರೆ, ಸುತ್ತಲೂ ಕಡಲು

ಅಂಡಮಾನಿನ ನೀಲ್ ದ್ವೀಪದ ಊರುಗಳ ಹೆಸರು ಸೀತಾಪುರ, ಭರತಪುರ, ರಾಮನಗರ, ಲಕ್ಷ್ಮಣಪುರ. ಪಕ್ಕದ ಹ್ಯಾವ್‌ಲಾಕ್‌ನಲ್ಲಿ ರಾಧಾನಗರ, ಗೋವಿಂದನಗರ, ಶ್ಯಾಮನಗರ. ಈ ಎರಡು ದ್ವೀಪಗಳಿಗೆ 2018ರಲ್ಲಿ ಶಹೀದ್ ದ್ವೀಪ, ಸ್ವರಾಜ್ ದ್ವೀಪ ಎಂದು ಹೊಸ ಹೆಸರಿಟ್ಟರು. ಪ್ರವಾಸ ಹೋದವರು ಜೆಟ್ಟಿಯಿಂದ ನೇರವಾಗಿ ಕಡಲತೀರಕ್ಕೆ ಹೋಗಿಬಿಡುತ್ತಾರೆ. ಒಳದಾರಿಗೆ ತಿರುಗಿದರೆ ಕಾಣುವುದೇ ಬೇರೆ: ತಗಡಿನ ಮಾಡಿನ ಮನೆ, ಅಂಗಳದಲ್ಲಿ ತುಳಸಿ, ಹಿತ್ತಲಲ್ಲಿ ಮೀನು ಸಾಕುವ ಹೊಂಡ, ಅದರ ಏರಿಯ ಮೇಲೆ ಅಡಿಕೆ, ಬಾಳೆ, ಅದರಾಚೆ ಬದನೆಯ ಸಾಲು. ಮಾತು ಬಂಗಾಳಿ. ಪೋರ್ಟ್‌ಬ್ಲೇರ್‌ನ ಮಾರುಕಟ್ಟೆಗೆ ತರಕಾರಿಯ ಮೂಟೆಗಳು ಹೋಗುವುದು ಇಂಥ ಹಿತ್ತಲುಗಳಿಂದಲೇ. ಪದ್ಮಾ, ಮೇಘನಾ ನದಿಗಳ ಬಯಲಿನಲ್ಲಿ ಬದುಕಿದ್ದವರು ದೇಶ ಒಡೆದು ಮನೆ ಕಳೆದುಕೊಂಡ ಮೇಲೆ, ನೆನಪಿನಲ್ಲಿದ್ದ ಊರನ್ನೇ ಇಲ್ಲಿ ಮತ್ತೆ ಕಟ್ಟಿಕೊಂಡಿದ್ದಾರೆ.

ಪೂರ್ವ ಬಂಗಾಳದ ನಿರಾಶ್ರಿತರ ಮೊದಲ ತಂಡ ಅಂಡಮಾನಿಗೆ ಬಂದಿಳಿದದ್ದು 1949ರಲ್ಲಿ. ಸರ್ಕಾರ ಆರಿಸಿದ್ದು ಬೇಸಾಯ ಬಲ್ಲ ಕುಟುಂಬಗಳನ್ನು. ಅವರಲ್ಲಿ ಬಹುಪಾಲು ನಾಮಶೂದ್ರರು. ಕುಟುಂಬಕ್ಕೆ ಹತ್ತು ಎಕರೆ: ಭತ್ತಕ್ಕೆ ಐದು ಎಕರೆ ತಗ್ಗುಭೂಮಿ, ತೋಟಕ್ಕೆ ಐದು ಎಕರೆ ಗುಡ್ಡ. ಪರಿಹಾರ ಶಿಬಿರದಲ್ಲಿ ಗಂಜಿಗೆ ಸಾಲು ನಿಂತವರಿಗೆ ಹತ್ತು ಎಕರೆ ಎಂದರೆ ಕನಸು. ಆದರೆ ಅದೇ ಕರಿನೀರಿನ ದ್ವೀಪ. ಸೆಲ್ಯುಲರ್ ಜೈಲಿನ ಭಯ ಆಗ ಇನ್ನೂ ಹಸಿಯಾಗಿತ್ತು. ಕೈದಿಗಳನ್ನು ಅಟ್ಟುತ್ತಿದ್ದ ಜಾಗಕ್ಕೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗುವುದೇ ಎಂಬ ಪ್ರಶ್ನೆ ಪ್ರತಿ ಮನೆಯಲ್ಲೂ ಎದ್ದಿರಲೇಬೇಕು. ನಿರಾಶ್ರಿತರನ್ನು ಬಂಗಾಳದಿಂದ ಹೊರಗೆ ಸಾಗಿಸಬಾರದೆಂದು ಕಲ್ಕತ್ತೆಯಲ್ಲಿ ಎಡಪಕ್ಷಗಳು ಹೋರಾಟವನ್ನೂ ಮಾಡಿದವು. ಮುಂದೆ ಹಲವರ ಪಾಲಿಗೆ ಬಂದದ್ದು ದಂಡಕಾರಣ್ಯ. ನಮ್ಮ ಸಿಂಧನೂರಿನ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳಲ್ಲಿ ತುಂಗಭದ್ರೆಯ ನೀರಿಗೆ ಭತ್ತ ಬೆಳೆಯುವ ಬಂಗಾಳಿಗಳೂ ಇದೇ ಕಥೆಯ ಇನ್ನೊಂದು ಕವಲು. ಅವರಿಗೆ ಕಾಲುವೆ ಸಿಕ್ಕಿತು, ಇವರಿಗೆ ಕಡಲು.

ನದಿ ಹೊತ್ತು ತಂದ ಮೆಕ್ಕಲು ಮಣ್ಣಿನಲ್ಲಿ ಉತ್ತವರ ಎದುರು ಈಗ ಪಡೌಕ್, ಗುರ್ಜನ್ ಮರಗಳ ದಟ್ಟ ಕಾಡು. ಮರ ಕಡಿಯುವ ಕೆಲಸಕ್ಕೆ ಛೋಟಾ ನಾಗಪುರದ ಆದಿವಾಸಿಗಳನ್ನು ಬ್ರಿಟಿಷರ ಕಾಲದಿಂದಲೇ ಕರೆತರಲಾಗುತ್ತಿತ್ತು. ಅವರನ್ನು ಇಂದಿಗೂ 'ರಾಂಚಿ'ಗಳೆಂದೇ ಕರೆಯುತ್ತಾರೆ. ದಿಮ್ಮಿ ಎಳೆಯಲು ಅರಣ್ಯ ಇಲಾಖೆಯ ಆನೆಗಳಿದ್ದವು. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಸುರಿಯುತ್ತದೆ, ಆದರೂ ಜನವರಿ ಕಳೆದರೆ ಕುಡಿಯುವ ನೀರಿಗೆ ತತ್ವಾರ. ಇಳಿಜಾರಿನ ಸಣ್ಣ ದ್ವೀಪದಲ್ಲಿ ಬಿದ್ದ ಮಳೆ ನಿಲ್ಲದೆ ಕಡಲು ಸೇರುತ್ತದೆ. ಹಿತ್ತಲಿನ ಆ ಹೊಂಡ ಮೀನಿಗಷ್ಟೇ ಅಲ್ಲ, ಬೇಸಿಗೆಯ ಜೀವನಾಡಿಯೂ ಹೌದು. ಬ್ರಿಟಿಷರು ತಂದುಬಿಟ್ಟ ಚುಕ್ಕೆ ಜಿಂಕೆಗಳನ್ನು ಹಿಡಿದು ತಿನ್ನುವ ಹುಲಿ, ಚಿರತೆ ಈ ಕಾಡಿನಲ್ಲಿಲ್ಲ. ಜಿಂಕೆಗಳು ಹಿಂಡು ಹಿಂಡಾಗಿ ಪೈರಿಗೆ ಇಳಿದವು. ಜಪಾನೀಯರ ಆಳ್ವಿಕೆಯಲ್ಲಿ ಬಂತೆನ್ನಲಾಗುವ ಆಫ್ರಿಕದ ದೈತ್ಯ ಬಸವನಹುಳು ತರಕಾರಿಯನ್ನು ಮೇಯತೊಡಗಿತು. ಜ್ವರ ಬಂದರೆ, ಹೆರಿಗೆ ಕಷ್ಟವಾದರೆ ದೋಣಿ, ಹಡಗು ಕಾಯಬೇಕು. ಗಂಡಸರು ಕಾಡು ಕಡಿದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅತ್ತೆ, ತಾಯಿ, ಸೂಲಗಿತ್ತಿ ಯಾರೂ ಹತ್ತಿರವಿಲ್ಲದ ಗುಡಿಸಲಿನಲ್ಲಿ ಹೆತ್ತು, ಸಾಕಿ, ಮನಸಾದೇವಿಗೆ ದೀಪ ಹಚ್ಚಿದ ಹೆಂಗಸರ ಕಥೆ ಅಷ್ಟು ಕೇಳಿಬರುವುದಿಲ್ಲ. ಈ ದ್ವೀಪಗಳಲ್ಲಿ ಊರು ನಿಂತದ್ದು ಅವರಿಂದ ಎಂದೇ ನಾನು ನಂಬಿದ್ದೇನೆ.

ಸರ್ಕಾರದ ಲೆಕ್ಕದಲ್ಲಿ ಒಂದು ದೊಡ್ಡ ತಪ್ಪಿತ್ತು. ಆ ಕಾಡು ಖಾಲಿ ಇರಲಿಲ್ಲ. ಮಧ್ಯ ಅಂಡಮಾನಿನ ಕದಮ್‌ತಲಾದಂಥ ಊರುಗಳು ಎದ್ದದ್ದು ದ್ವೀಪದ ಮೂಲನಿವಾಸಿಗಳಾದ ಜಾರವಾಗಳು ಓಡಾಡಿಕೊಂಡಿದ್ದ ನೆಲದ ಅಂಚಿನಲ್ಲಿ. ದಶಕಗಳ ಕಾಲ ಕಾಡಿನಿಂದ ಬಾಣ, ಊರಿನಿಂದ ಗುಂಡು. ಎರಡೂ ಕಡೆ ಜೀವ ಹೋದವು. 1996ರಲ್ಲಿ ಕದಮ್‌ತಲಾದ ಹತ್ತಿರ ಕಾಲು ಮುರಿದುಕೊಂಡು ಬಿದ್ದಿದ್ದ ಜಾರವಾ ಹುಡುಗನೊಬ್ಬನನ್ನು ಪೋರ್ಟ್‌ಬ್ಲೇರ್‌ನ ಆಸ್ಪತ್ರೆಗೆ ಸೇರಿಸಿದರು. ವಾಸಿಯಾಗಿ ಅವನು ಹಿಂದಿರುಗಿದ ಮೇಲೆ, ಮರುವರ್ಷ, ಜಾರವಾಗಳು ಬಿಲ್ಲಿಲ್ಲದೆ ಹಗಲಿನಲ್ಲೇ ಊರಿಗೆ ಬಂದರು. ಇಲ್ಲಿಗೇ ನಿಲ್ಲಿಸಿದರೆ ಸುಂದರ ಕಥೆ. ಆದರೆ 1999ರಲ್ಲಿ ಅವರ ನಡುವೆ ದಡಾರ ಹಬ್ಬಿತು. ನಿರಾಶ್ರಿತನಿಗೆ ಕೊಟ್ಟ ನೆಲ ಬೇರೊಬ್ಬನನ್ನು ಅಂಚಿಗೆ ತಳ್ಳಿದ್ದನ್ನು ಮರೆಮಾಚಿ ಈ ವಲಸೆಯನ್ನು ಹೊಗಳುವುದು ನ್ಯಾಯವಲ್ಲ.

ಹತ್ತು ಎಕರೆ ಮೊಮ್ಮಕ್ಕಳ ಕಾಲಕ್ಕೆ ಹಂಚಿಹೋಗಿ ತುಂಡಾಯಿತು. ಹ್ಯಾವ್‌ಲಾಕ್‌ನಲ್ಲಿ ಗದ್ದೆಗಿಂತ ರೆಸಾರ್ಟಿಗೆ ಬೆಲೆ ಬಂತು. ಅಜ್ಜ ಬಂಗಾಳಿಯಲ್ಲಿ ಕೇಳಿದರೆ ಮೊಮ್ಮಗ ಹಿಂದಿಯಲ್ಲಿ ಉತ್ತರಿಸುತ್ತಾನೆ. 2004ರ ಸುನಾಮಿಯಂದು ದಕ್ಷಿಣ ಅಂಡಮಾನಿನ ನೆಲವೇ ಸುಮಾರು ಒಂದು ಮೀಟರ್ ಕುಸಿಯಿತು. ಸಿಪ್ಪಿಘಾಟ್‌ನ ಭತ್ತದ ಗದ್ದೆಗಳಿಗೆ ನುಗ್ಗಿದ ಉಪ್ಪುನೀರು ಮರಳಿ ಹೋಗಲಿಲ್ಲ. ಇವತ್ತು ಅಲ್ಲಿಗೆ ಬರುವವರು ಕೊಕ್ಕರೆಗಳನ್ನು ನೋಡಲು ದುರ್ಬೀನು ಹಿಡಿದು ಬರುತ್ತಾರೆ.

ಇನ್ನೂ ದಕ್ಷಿಣಕ್ಕೆ, ಗ್ರೇಟ್ ನಿಕೋಬಾರಿನಲ್ಲಿ, 1969ರಿಂದ ನಿವೃತ್ತ ಸೈನಿಕರ ಕುಟುಂಬಗಳನ್ನು ನೆಲೆಗೊಳಿಸಿದರು. ಹೆಚ್ಚಿನವರು ಪಂಜಾಬಿನವರು. ಗೋಧಿಯ ನಾಡಿನವರು ತೆಂಗು, ಅಡಿಕೆ ಬೆಳೆಯಲು ಕಲಿತರು. ಸುನಾಮಿ ಅವರ ತೋಟವನ್ನೂ ಬಂಧುಗಳನ್ನೂ ಒಯ್ದಿತು. ದೇಶದ ದಕ್ಷಿಣದ ತುದಿಯಾದ ಇಂದಿರಾ ಪಾಯಿಂಟ್ ನಾಲ್ಕು ಮೀಟರಿಗೂ ಹೆಚ್ಚು ಕುಸಿದು, ಅಲ್ಲಿನ ದೀಪಸ್ತಂಭ ನೀರಿನ ನಡುವೆ ನಿಂತಿತು. ಈಗ ಅದೇ ದ್ವೀಪದಲ್ಲಿ ಬಂದರು, ವಿಮಾನ ನಿಲ್ದಾಣ, ವಿದ್ಯುತ್ ಸ್ಥಾವರ ಮತ್ತು ಹೊಸ ಪಟ್ಟಣದ ಯೋಜನೆ. ವೆಚ್ಚ 72,000 ಕೋಟಿ ರೂಪಾಯಿಗೂ ಮೇಲು, ಬಲಿಯಾಗುವುದು ಸುಮಾರು 130 ಚದರ ಕಿಲೋಮೀಟರ್ ಕಾಡು. 2011ರ ಗಣತಿಯಲ್ಲಿ ಎಂಟು ಸಾವಿರದಷ್ಟು ಜನರಿದ್ದ ದ್ವೀಪಕ್ಕೆ ಮುಂದಿನ ದಶಕಗಳಲ್ಲಿ ಮೂರೂವರೆ ಲಕ್ಷ ಜನ ಬರುತ್ತಾರೆಂದು ಅಂದಾಜು. ವಿಮಾನ ನಿಲ್ದಾಣಕ್ಕೆ ಗುರುತಿಸಿರುವುದು ಗಾಂಧಿನಗರ, ಶಾಸ್ತ್ರಿನಗರದ ನೆಲವನ್ನು. ಎಂದರೆ ಸರ್ಕಾರವೇ ಕರೆತಂದ ಸೈನಿಕರ ಮಕ್ಕಳು ಮೊಮ್ಮಕ್ಕಳು ಮತ್ತೆ ಗಂಟುಮೂಟೆ ಕಟ್ಟಬೇಕು. ಒಳಗಿನ ಕಾಡಿನಲ್ಲಿ ಶೋಂಪೆನ್ ಜನ ಇದ್ದಾರೆ, ಕೆಲವೇ ನೂರು ಮಂದಿ. ಸುನಾಮಿಯ ನಂತರ ಕ್ಯಾಂಪ್‌ಬೆಲ್ ಬೇಯ ಪುನರ್ವಸತಿ ಮನೆಗಳಿಗೆ ತಂದಿಟ್ಟ ನಿಕೋಬಾರಿಗಳು ತಮ್ಮ ಹಿಂದಿನ ಹಳ್ಳಿಗಳಿಗೆ ಹಿಂದಿರುಗಲು ಬಿಡಿ ಎಂದು ವರ್ಷಗಳಿಂದ ಅರ್ಜಿ ಕೊಡುತ್ತಲೇ ಇದ್ದಾರೆ.