ಹೂಗ್ಲಿಯ ದಂಡೆಯ ಒಂದು ಹಳೆಯ ಚಿತ್ರ

ನಮ್ಮ ಅಲಿಪುರದ ಅಂಚಿನಲ್ಲಿ ಹರಿಯುವ ಟಾಲಿ ನಾಲೆಯ ಕಪ್ಪು ನೀರನ್ನು ಕಂಡು ಮೂಗು ಮುಚ್ಚಿಕೊಳ್ಳದವರು ವಿರಳ. ಗಂಗೆಯ ಹಳೆಯ ಪಾತ್ರವಾದ ಆದಿಗಂಗೆ ಇದೇ ಎಂದರೆ, ತುಂಗೆ ಕಾವೇರಿಗಳನ್ನು ಬಿಟ್ಟು ಬಂದ ನಮಗೆ ನಂಬಿಕೆಯೇ ಬಾರದು. ಆದರೆ ಇಲ್ಲಿಯೇ ಹುಟ್ಟಿದ ನಮ್ಮ ಮಕ್ಕಳಿಗೆ ನದಿಯೆಂದರೆ ಮೊದಲು ನೆನಪಾಗುವುದು ಹೂಗ್ಲಿ. ಹಾಗಾದರೆ ಅವರ ನದಿ ಯಾವುದು? ಈ ಪ್ರಶ್ನೆ ನಮ್ಮ ಮನೆಗಳಲ್ಲಿ ಆಗಾಗ ಏಳುವುದುಂಟು.

ಇದೇ ಪ್ರಶ್ನೆಯುಳ್ಳ ಒಂದು ಇಂಗ್ಲಿಷ್ ಚಿತ್ರ, 1951ರ ‘ದಿ ರಿವರ್’. ಮೂಲ ಕಾದಂಬರಿಯನ್ನು 1946ರಲ್ಲಿ ಬರೆದ ರೂಮರ್ ಗಾಡೆನ್ ಆಂಗ್ಲ ಮಹಿಳೆ. ಆಕೆಯ ಬಾಲ್ಯ ಕಳೆದದ್ದು ಪೂರ್ವ ಬಂಗಾಳದ ನಾರಾಯಣಗಂಜಿನ ನದೀತೀರದಲ್ಲಿ. ಫ್ರಾನ್ಸಿನ ನಿರ್ದೇಶಕ ಜ್ಯಾ ರೆನ್ವಾರ್ ಕಲ್ಕತ್ತೆಯ ಉತ್ತರಕ್ಕಿರುವ ಬ್ಯಾರಕ್‌ಪುರದ ಬಳಿ, ಹೂಗ್ಲಿಯ ದಂಡೆಯಲ್ಲೇ ಇದನ್ನು ಚಿತ್ರಿಸಿದರು. ಹೆಸರಾಂತ ತಾರೆಯರಿಲ್ಲ, ಹಣ ಹೂಡಿದವರು ಅಮೆರಿಕದ ಒಬ್ಬ ಹೂವಿನ ವ್ಯಾಪಾರಿ.

ಕಥೆ ಸರಳ. ಸೆಣಬಿನ ಗಿರಣಿಯ ಮೇಲ್ವಿಚಾರಕನ ಮಗಳು ಹ್ಯಾರಿಯೆಟ್. ಬರೆಯುವ ಹುಚ್ಚಿನ ಹುಡುಗಿ. ಹಾವಾಡಿಸಲು ಹೋದ ಅವಳ ಪುಟ್ಟ ತಮ್ಮ ನಾಗರಹಾವು ಕಚ್ಚಿ ಸಾಯುತ್ತಾನೆ. ಮನನೊಂದು ರಾತ್ರಿ ದೋಣಿಯೇರಿ ಹೋದ ಹ್ಯಾರಿಯೆಟ್ಟಳನ್ನು ಬದುಕಿಸುವವರು ಬಂಗಾಳದ ಬೆಸ್ತರು. ಕೊನೆಗೆ ಅದೇ ಮನೆಯಲ್ಲಿ ಇನ್ನೊಂದು ಮಗು ಹುಟ್ಟುತ್ತದೆ. ನದಿ ತನ್ನಷ್ಟಕ್ಕೆ ಹರಿಯುತ್ತಿರುತ್ತದೆ. ಪಕ್ಕದ ಮನೆಯ ಮೆಲನಿಯ ತಂದೆ ಆಂಗ್ಲ, ತಾಯಿ ಭಾರತೀಯಳು. ತಾನು ಎಲ್ಲಿಯವಳೆಂಬುದೇ ಅವಳ ಅಳಲು. ಈ ಪಾತ್ರ ವಹಿಸಿದ ರಾಧಾ ಬರ್ನಿಯರ್ ಮುಂದೆ 1980ರಿಂದ 2013ರವರೆಗೆ ಥಿಯಾಸಾಫಿಕಲ್ ಸೊಸೈಟಿಯ ಅಧ್ಯಕ್ಷೆಯಾಗಿದ್ದರು.

ಚಿತ್ರದಲ್ಲಿ ಕೊರತೆಯೂ ಉಂಟು. ಗಿರಣಿಯ ಕೂಲಿಗಳು ದೂರದ ಗುಂಪಾಗಿಯೇ ಉಳಿಯುತ್ತಾರೆ. ಬಂಗಾಳ ಕಂಡ ಬರವಾಗಲಿ ವಿಭಜನೆಯಾಗಲಿ ಆ ತೋಟದ ಗೋಡೆ ದಾಟಿ ಬರುವುದಿಲ್ಲ. ಆ ಕೊರತೆಯನ್ನು ತುಂಬಿದವರು ಅಲ್ಲೇ ನಿಂತು ನೋಡಿದ ತರುಣರು. ಸ್ಥಳ ಹುಡುಕುವಾಗ ರೆನ್ವಾರರ ಜೊತೆ ತಿರುಗಿದವರು ಜಾಹಿರಾತು ಸಂಸ್ಥೆಯ ನೌಕರ ಸತ್ಯಜಿತ್ ರಾಯ್. ಚಿತ್ರೀಕರಣವನ್ನು ಬದಿಯಲ್ಲಿ ನಿಂತು ಕಲಿತವರು ಸುಬ್ರತ ಮಿತ್ರ. ಕಲಾವಿಭಾಗದಲ್ಲಿ ದುಡಿದವರು ಕಾಶ್ಮೀರದ ಬನ್ಸಿ ಚಂದ್ರಗುಪ್ತ. ಮೂವರೂ ಸೇರಿ ಅತ್ಯಲ್ಪ ಹಣದಲ್ಲಿ ತೆಗೆದದ್ದೇ 1955ರ ‘ಪಥೇರ್ ಪಾಂಚಾಲಿ’.

ನೆಲ ಯಾರದೆಂಬುದನ್ನು ವಂಶವೊಂದೇ ನಿರ್ಧರಿಸುವುದಿಲ್ಲ. ಕಣ್ಣಿಟ್ಟು ನೋಡಿದವರಿಗೂ ಅದು ಸಲ್ಲುತ್ತದೆ. ಆದ್ದರಿಂದ ಮಕ್ಕಳು ಹೂಗ್ಲಿಯನ್ನು ತಮ್ಮದೆಂದರೆ ನಾವು ನೊಂದುಕೊಳ್ಳಬೇಕಾಗಿಲ್ಲ. ‘ದಿ ರಿವರ್’ ಚಿತ್ರವನ್ನು ಅವರೊಂದಿಗೆ ಕುಳಿತು ನೋಡೋಣ. ಮರುವಾರ, ಅಣೆಕಟ್ಟಿನ ನೀರು ಏರುತ್ತಿದ್ದರೂ ಮನೆ ಬಿಡಲೊಲ್ಲದ ಮಲೆನಾಡಿನ ಸಂಸಾರದ ಕಥೆಯಾದ ಗಿರೀಶ ಕಾಸರವಳ್ಳಿಯವರ ‘ದ್ವೀಪ’ವನ್ನೂ ತೋರಿಸೋಣ. ಒಂದು ಮಗುವಿಗೆ ಎರಡು ನದಿಗಳಿದ್ದರೆ ನಷ್ಟವೇನು?