ಮೇಯ್ನ್‌ನಲ್ಲೊಂದು ತೋಪಡದ ಸಂತೆ

ಮರ ಹೆರೆಯುವ ತೋಪಡವನ್ನು ತಳ್ಳಿದಾಗ ಹಲಗೆಯಿಂದ ಎದ್ದ ಸುರುಳಿಯನ್ನು ಬೆಂಚಿನ ಹಿಂದೆ ನಿಂತ ಮನುಷ್ಯ ಮೈಕ್ರೋಮೀಟರಿಗೆ ಸಿಕ್ಕಿಸಿ ಅಳೆದ. ಇಂಚಿನ ಸಾವಿರದಲ್ಲೊಂದು ಪಾಲು, ಅಂದರೆ ಸುಮಾರು 25 ಮೈಕ್ರಾನ್. ತಲೆಗೂದಲು ಸಾಮಾನ್ಯವಾಗಿ ಇದರ ಎರಡು ಮೂರು ಪಟ್ಟು ದಪ್ಪ ಇರುತ್ತದೆ. ಸುತ್ತ ನಿಂತವರೆಲ್ಲ ‘ಹೋ’ ಎಂದರು. ನಾನು ಅನ್ನಲಿಲ್ಲ. ಶಿರಸಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು ನಾನು. ಉತ್ತರ ಸರಿಯಿದ್ದರೆ ಸಾಲದು, ಹಂತ ಬರೆದು ತೋರಿಸು ಎಂದು ಮಕ್ಕಳಿಗೆ ಹೇಳಿ ಹೇಳಿ ಅದೇ ಚಟ ಅಂಟಿಕೊಂಡಿದೆ. ನನ್ನ ಪುಣ್ಯಕ್ಕೆ ಈ ಜನರ ಚಟವೂ ಅದೇ ಆಗಿತ್ತು.

ವಾರನ್ ಎಂಬುದು ಅಮೆರಿಕದ ಈಶಾನ್ಯ ತುದಿಯ ಮೇಯ್ನ್ ರಾಜ್ಯದ ಸಣ್ಣ ಊರು. ಬಡಗಿಯ ಕೈಹತ್ಯಾರ ಮಾಡುವ ಲೀ-ನೀಲ್ಸನ್ ಟೂಲ್‌ವರ್ಕ್ಸ್ ಇರುವುದು ಅಲ್ಲಿ. ಬೇಸಿಗೆ ನಡುವೆ, ಜುಲೈನಲ್ಲಿ, ಅವರು ಕಾರ್ಖಾನೆಯ ಬಾಗಿಲು ತೆರೆದು ಜನರನ್ನು ಕರೆಯುತ್ತಾರೆ. ಪ್ರವೇಶಕ್ಕೆ ಕಾಸಿಲ್ಲ. ಬಾಸ್ಟನ್ನಿನಿಂದ ಕಾರಿನಲ್ಲಿ ಮೂರು ತಾಸಿನ ಮೇಲಾಗುತ್ತದೆ. ನನ್ನನ್ನು ಕರೆದೊಯ್ದವಳು ಸೊಸೆ. ಹಗಲು ಕಂಪ್ಯೂಟರ್ ಕೆಲಸ, ರಾತ್ರಿ ನೆಲಮಾಳಿಗೆಯಲ್ಲಿ ಮರಗೆಲಸ. ನನ್ನ ಮಗನಿಗೆ ಗೋಡೆಗೆ ಮೊಳೆ ಹೊಡೆಯಲೂ ಬಾರದು. ಅವನು ಮನೆಯಲ್ಲೇ ಉಳಿದ.

ಈ ಕಂಪನಿಯ ಹುಟ್ಟಿನ ಕತೆ ತಿಳಿಯಬೇಕಾದರೆ ಸ್ಟ್ಯಾನ್ಲಿಯಿಂದ ಶುರು ಮಾಡಬೇಕು. ಲೆನರ್ಡ್ ಬೇಲಿ ಎಂಬಾತ ರೂಪಿಸಿದ ಕಬ್ಬಿಣದ ತೋಪಡಗಳ ಹಕ್ಕನ್ನು ಸ್ಟ್ಯಾನ್ಲಿ ಕಂಪನಿ 1869ರಲ್ಲಿ ಕೊಂಡಿತು. ಇಂದು ಲೋಕದೆಲ್ಲೆಡೆ ಕಾಣುವ ಲೋಹದ ತೋಪಡಗಳಲ್ಲಿ ಹೆಚ್ಚಿನವು ಆ ವಂಶದವೇ. ಎರಡನೇ ಮಹಾಯುದ್ಧದ ನಂತರ ವಿದ್ಯುತ್ ಯಂತ್ರಗಳು ಬಂದವು, ಒಳ್ಳೆಯ ಕೈಹತ್ಯಾರಗಳು ಒಂದೊಂದಾಗಿ ನಿಂತುಹೋದವು. ನ್ಯೂಯಾರ್ಕಿನ ಹತ್ಯಾರದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ ಥಾಮಸ್ ಲೀ-ನೀಲ್ಸನ್, ‘ಅದು ಸಿಗುತ್ತಾ, ಇದು ಸಿಗುತ್ತಾ’ ಎಂದು ಕೇಳಿ ಬರಿಗೈಲಿ ಹೋಗುವ ಗಿರಾಕಿಗಳನ್ನು ನೋಡುತ್ತಿದ್ದ. 1981ರಲ್ಲಿ ಮೇಯ್ನ್‌ಗೆ ಮರಳಿ, ಹಲಗೆಯ ಅಂಚು ನೇರ ಮಾಡುವ ಪುಟ್ಟ ತೋಪಡವೊಂದನ್ನು ಕಂಚಿನಲ್ಲಿ ಮಾಡತೊಡಗಿದ. ಸ್ಟ್ಯಾನ್ಲಿ ಕೈಬಿಟ್ಟಿದ್ದ 95ನೇ ನಂಬರಿನ ಮಾದರಿ ಅದು.

ಒಳಗೆ ಹೋದರೆ ಸಾಲಾಗಿ ಭಾರದ ಮರದ ಬೆಂಚುಗಳು. ಪ್ರತಿ ಬೆಂಚಿಗೂ ಒಬ್ಬರು ನಿಂತಿದ್ದಾರೆ, ಕಾಲಡಿ ಮರದ ಹೆರೆತದ ರಾಶಿ. ಗಾಜಿನ ಪೆಟ್ಟಿಗೆ, ‘ಮುಟ್ಟಬೇಡಿ’ ಫಲಕ, ಯಾವುದೂ ಇಲ್ಲ. ನೀವು ಸುಮ್ಮನೆ ನೋಡುತ್ತ ನಿಂತರೆ ಅವರಿಗೇ ಇರುಸುಮುರುಸು. ಹತ್ಯಾರ ತಿರುಗಿಸಿ ಹಿಡಿಕೆ ನಿಮ್ಮತ್ತ ಚಾಚುತ್ತಾರೆ.

ನಾನು ಬಹಳ ಹೊತ್ತು ನಿಂತದ್ದು ಮಸೆಯುವ ಬೆಂಚಿನ ಎದುರು. ಹೊಸಬರು ಓಡಿಹೋಗುವುದು ತೋಪಡ ತಳ್ಳುವ ಕಡೆಗೆ. ಆದರೆ ಇಡೀ ಸಂತೆಯ ಗುಟ್ಟು ಇರುವುದು ಈ ಒದ್ದೆ ಕಲ್ಲುಗಳ ಮೇಲೆ. ಅಲಗೆಂದರೆ ಎರಡು ಸಮತಲಗಳು ಸೇರುವ ರೇಖೆ. ಯೂಕ್ಲಿಡ್ಡನ ರೇಖೆಗೆ ಅಗಲವಿಲ್ಲ, ಉಕ್ಕಿನ ರೇಖೆಗೆ ಇದೆ. ಮಸೆಯುವುದೆಂದರೆ ಆ ಅಗಲವನ್ನು ಕಡಿಮೆ ಮಾಡುತ್ತ ಹೋಗುವುದು. ಅಲಗಿನ ಇಳಿಜಾರು 25 ಡಿಗ್ರಿಯದ್ದು. ಅಷ್ಟನ್ನೂ ಉಜ್ಜುತ್ತ ಕೂರುವುದಿಲ್ಲ. ತುದಿಯ ಕೂದಲೆಳೆಯಷ್ಟನ್ನು ಮಾತ್ರ 30 ಡಿಗ್ರಿಯಲ್ಲಿ ಹಿಡಿದು 1000 ನಂಬರಿನ ಕಲ್ಲಿಗೆ ಕೆಲವು ಸಲ ಎಳೆಯುತ್ತಾರೆ. ಬೆನ್ನ ಕಡೆಗೆ ಲೋಹದ ತೆಳು ನವಿರು ಏಳುತ್ತದೆ. ಹೆಬ್ಬೆರಳಿಗೆ ಅದು ತಾಗಿದರೆ ತುದಿಯವರೆಗೂ ಮಸೆತ ಮುಟ್ಟಿದೆ ಎಂದು ಲೆಕ್ಕ. ತಾಗುವ ತನಕ ಮುಂದಿನ ಕಲ್ಲಿಗೆ ಹೋಗುವಂತಿಲ್ಲ. ಆಮೇಲೆ 8000 ನಂಬರಿನದ್ದು.

ಬೆನ್ನಿಗೆ ಒಂದು ಉಪಾಯವಿದೆ; ಇಂಗ್ಲೆಂಡಿನ ಡೇವಿಡ್ ಚಾರ್ಲ್ಸ್‌ವರ್ತ್ ಎಂಬ ಮರಗೆಲಸದ ಮೇಷ್ಟ್ರು ಅದನ್ನು ಎಲ್ಲೆಡೆ ಹಬ್ಬಿಸಿದರು. ಕಲ್ಲಿನ ಒಂದು ಅಂಚಿಗೆ ಅರ್ಧ ಮಿಲಿಮೀಟರ್ ದಪ್ಪದ ಸ್ಟೀಲ್ ಅಳತೆಪಟ್ಟಿ ಇಟ್ಟು ಅಲಗಿನ ಬೆನ್ನನ್ನು ಅದಕ್ಕೆ ಒರಗಿಸುವುದು. ಆಗ ಕಲ್ಲಿಗೆ ತಾಗುವುದು ತುದಿ ಮಾತ್ರ. ಇಡೀ ಬೆನ್ನನ್ನು ಕನ್ನಡಿ ಮಾಡುವ ಕೆಲಸ ತಪ್ಪಿತು. ‘ಕೋನ ಕೆಡುವುದಿಲ್ಲವೇ?’ ಎಂದು ಕೇಳಿದೆ. ಮಸೆಯುವ ಬೆಂಚಿನವ ನಗುತ್ತ ‘ನೀವೇ ಲೆಕ್ಕ ಹಾಕಿ’ ಎಂದ. ಪಟ್ಟಿಯಿಂದ ತುದಿಗೆ ಸುಮಾರು 60 ಮಿ.ಮೀ. ದೂರ. ಅರ್ಧವನ್ನು 60ರಿಂದ ಭಾಗಿಸಿದರೆ ನೂರಿಪ್ಪತ್ತರಲ್ಲೊಂದು. ಸರಿಸುಮಾರು ಅರ್ಧ ಡಿಗ್ರಿ. ಹತ್ತನೇ ಕ್ಲಾಸಿನ ತ್ರಿಕೋನಮಿತಿಗೆ ಇಷ್ಟು ಒಳ್ಳೆಯ ಉದಾಹರಣೆ ನನಗೆ ಕೆಲಸದಲ್ಲಿದ್ದಾಗ ಸಿಕ್ಕಿರಲಿಲ್ಲ.

ಪಕ್ಕದ ಬೆಂಚಿನಲ್ಲಿ ನಾರು ಅಲೆಅಲೆಯಾಗಿ ಓಡುವ ಮೇಪಲ್ ಹಲಗೆ. ಇಂಥದ್ದಕ್ಕೆ ತೋಪಡ ಹಾಕಿದರೆ ಅಲ್ಲಲ್ಲಿ ಮರ ಕಿತ್ತು ಬಂದು ಗುಳಿ ಬೀಳುತ್ತದೆ. ಸೌದೆ ಒಡೆಯುವಾಗ ಕೊಡಲಿಗಿಂತ ಮುಂದೆ ಬಿರುಕು ಓಡುತ್ತದಲ್ಲ, ಹಾಗೇ ಇಲ್ಲೂ ಮೇಲೆದ್ದ ಸುರುಳಿ ಮುಂದಿನ ನಾರನ್ನೂ ಸೀಳಿಕೊಂಡು ಹೋಗುತ್ತದೆ. ಇದಕ್ಕೆ ಮದ್ದು ಅಲಗಿನ ಬೆನ್ನಿಗೆ ತಿರುಪಿನಿಂದ ಬಿಗಿದ ಇನ್ನೊಂದು ಲೋಹದ ಪಟ್ಟಿ. ಸುರುಳಿ ಏಳುತ್ತಿದ್ದಂತೆ ಪಟ್ಟಿಯ ಮೂತಿ ಅದನ್ನು ಮುಂದಕ್ಕೆ ಬಗ್ಗಿಸುತ್ತದೆ. ಬಿರುಕು ಓಡಲು ಎಡೆ ಸಿಗುವುದಿಲ್ಲ. ಆದರೆ ಪಟ್ಟಿ ಅಲಗಿನ ತುದಿಗೆ ತೀರ ಹತ್ತಿರವಿರಬೇಕು, ಮಿಲಿಮೀಟರಿನ ಹತ್ತರಲ್ಲೊಂದೆರಡು ಪಾಲಿನಷ್ಟು. ಜಪಾನಿನ ಯಮಗಾಟ ವಿಶ್ವವಿದ್ಯಾಲಯದ ಕವಾಯಿ ಮತ್ತು ಕಾಟೊ ಇದನ್ನು ಹಿಗ್ಗಿಸಿ ಚಿತ್ರೀಕರಿಸಿದ್ದರು. 2012ರ ಸುಮಾರಿಗೆ ಆ ಚಿತ್ರ ಅಮೆರಿಕದ ಹವ್ಯಾಸಿಗಳ ಕಣ್ಣಿಗೆ ಬಿದ್ದು ದೊಡ್ಡ ಚರ್ಚೆಯಾಯಿತು. ಜೋಡಿ ಪಟ್ಟಿಯ ತೋಪಡ 18ನೇ ಶತಮಾನದಿಂದಲೂ ಇತ್ತು, ಆಗಿನ ಬಡಗಿಗಳಿಗೆ ಇದು ಗೊತ್ತೂ ಇತ್ತು. ಗೊತ್ತಿದ್ದದ್ದನ್ನು ಮರೆತು ಮತ್ತೆ ಪ್ರಯೋಗಾಲಯದಿಂದ ಕಲಿಯಬೇಕಾಯಿತು!

ಬೆಂಚಿನಲ್ಲಿ ಅದನ್ನೇ ಮಾಡಿ ತೋರಿಸಿದರು. ಪಟ್ಟಿಯನ್ನು ಒಂದು ಮಿಲಿಮೀಟರ್ ಹಿಂದಕ್ಕೆ ಸರಿಸಿ ತಳ್ಳಿದಾಗ ಹಲಗೆ ಒರಟು. ಮುಂದಕ್ಕೆ ತಂದು ಬಿಗಿದು ತಳ್ಳಿದಾಗ ಅದೇ ಜಾಗ ನುಣುಪು.

‘ಅತ್ತೆ, ನೀವೂ ಒಂದು ಸಲ ತಳ್ಳಿ ನೋಡಿ,’ ಎಂದಳು ಸೊಸೆ.

‘ಈ ಸೊಂಟ ಇಟ್ಟುಕೊಂಡೇ?’

‘ಸೊಂಟಕ್ಕೆ ಕೆಲಸ ಇಲ್ಲ, ಕಾಲಿಗೆ.’

ಅವಳು ಹೇಳಿದ್ದು ನಿಜ. ಶುರುವಿನಲ್ಲಿ ಭಾರ ಮುಂದಿನ ಗುಬುಟಿನ ಮೇಲೆ, ಮುಗಿಸುವಾಗ ಹಿಂದಿನ ಹಿಡಿಕೆಯ ಮೇಲೆ; ನಡುವೆ ಮೈ ತಾನಾಗಿ ಮುಂದಕ್ಕೆ ಹೋಗಬೇಕು. ಸರ್ರೆಂದು ಒಂದು ಉದ್ದ ಸುರುಳಿ ಬಂತು. ಪಕ್ಕದಲ್ಲಿದ್ದ ಅಪರಿಚಿತರು ಚಪ್ಪಾಳೆ ತಟ್ಟಿದರು. ಇವರಿಗೆ ಚಪ್ಪಾಳೆ ಬಹಳ ಅಗ್ಗ.

ಬಂದವರನ್ನು ಮಾತಾಡಿಸಿದೆ. ದಂತವೈದ್ಯ, ಎಂಜಿನಿಯರ್, ನಿವೃತ್ತ ಪೈಲಟ್. ಮರಗೆಲಸದಲ್ಲೇ ಹೊಟ್ಟೆ ಹೊರೆಯುವವರು ಬೆಂಚಿನ ಆ ಬದಿಗೆ ಇದ್ದರು, ಈ ಬದಿಗೆ ವಿರಳ. ಅಮೆರಿಕದಲ್ಲಿ ಕೈಹತ್ಯಾರ ಉಳಿದದ್ದು ಹವ್ಯಾಸಿಗಳ ಜೇಬಿನಿಂದ ಎಂದು ನನಗನಿಸಿತು. ನಮ್ಮ ಕಡೆ ಆ ಜೇಬು ಇಲ್ಲ. ಇದ್ದವರಿಗೆ ಮರಗೆಲಸ ತಮ್ಮದಲ್ಲ ಎಂಬ ಭಾವನೆ. ನಮ್ಮ ಕೇರಿಯ ಆಚಾರಿಗಳ ಮಗನ ಕೈಯಲ್ಲಿ ಈಗಿರುವುದು ಕರೆಂಟಿನ ತೋಪಡ ಮತ್ತು ಪ್ಲೈವುಡ್. ಅವರನ್ನು ದೂರುವುದು ತಪ್ಪು. ಚದರಡಿಗೆ ಇಂತಿಷ್ಟು ಎಂದು ಕೂಲಿ ಕೊಡುವವರು ನಾವೇ.

ಸಂಜೆ ಊಟಕ್ಕೆ ಲಾಬ್‌ಸ್ಟರ್ ಇತ್ತು. ಮೇಯ್ನ್‌ನ ಹೆಮ್ಮೆ ಅದು. ಹವ್ಯಕರ ಹೆಂಗಸು ನಾನು, ಡಬ್ಬಿಯ ಚಿತ್ರಾನ್ನವನ್ನು ಕಾರಿನಲ್ಲಿ ಕೂತು ಉಂಡೆ. ಸೊಸೆ ಅಷ್ಟರಲ್ಲಿ ತೋಪಡವೊಂದರ ಬೆಲೆ ಕೇಳಿ ಬಂದಿದ್ದಳು. 300 ಡಾಲರಿಗೂ ಮೇಲೆ. ಕೆಳಗೆ ಬಿದ್ದರೂ ಒಡೆಯದ ಡಕ್ಟೈಲ್ ಕಬ್ಬಿಣದ ಮೈ, ಹಳೆಯ ಸ್ಟ್ಯಾನ್ಲಿಯದ್ದಕ್ಕಿಂತ ದಪ್ಪನೆಯ ಅಲಗು, ಎಲ್ಲ ಸರಿ. ಆದರೆ ಮಸೆಯಲು ಬಾರದವರಿಗೆ ಅದೂ ಒಂದು ತೂಕದ ಕಲ್ಲೇ. ಕಲಿಯಲು ಹಳೆಯದಾದರೂ ಸಾಕು ಎಂದು ಮಸೆಯುವ ಬೆಂಚಿನವನೇ ಹೇಳಿದ್ದ.

ಮರುದಿನ ಹತ್ತಿರದ ಲಿಬರ್ಟಿ ಊರಿಗೆ ಹೋದೆವು. ಲಿಬರ್ಟಿ ಟೂಲ್ ಎಂಬ ಹಳೆ ಹತ್ಯಾರದ ಅಂಗಡಿ ಅಲ್ಲಿದೆ. ಮಸೆಯುವ ಬೆಂಚಿನವ ಹೇಳಿಕೊಟ್ಟ ಕ್ರಮದಲ್ಲೇ ಹಳೆ ತೋಪಡಗಳನ್ನು ನೋಡಿದೆವು: ಅಡಿಯ ಬಾಯಿಯ ಮೂಲೆಗಳಲ್ಲಿ ಬಿರುಕಿದೆಯೇ, ಹಿಡಿಕೆಯ ಕೆಳಗೆ ಒಡಕಿದೆಯೇ, ಅಲಗಿನ ಬೆನ್ನಲ್ಲಿ ತುದಿಯ ಹತ್ತಿರ ತುಕ್ಕಿನ ಗುಳಿ ಇದೆಯೇ. ಮೇಲಿನ ತುಕ್ಕು ಹೋಗುತ್ತದೆ, ಗುಳಿ ಹೋಗುವುದಿಲ್ಲ. ಮೊದಲು ಎತ್ತಿಕೊಂಡದ್ದಕ್ಕೆ ಬಾಯಿಯಲ್ಲಿ ಬಿರುಕು, ಇನ್ನೊಂದಕ್ಕೆ ಅಲಗೇ ಇಲ್ಲ. ಸೊಸೆ ಮೂಲೆಯ ಪೆಟ್ಟಿಗೆಯಲ್ಲಿ ಕೈಯಾಡಿಸುತ್ತಲೇ ಇದ್ದಳು. ಕೊನೆಗೆ ಒಂದು ನಾಲ್ಕನೇ ನಂಬರಿನ ಸ್ಟ್ಯಾನ್ಲಿ ಸಿಕ್ಕಿತು. ಕೌಂಟರಿನಲ್ಲಿ ನಾನು ಚೌಕಾಶಿ ಶುರುಮಾಡಿದ್ದೇ ಅವಳು ನನ್ನ ಸೆರಗು ಹಿಡಿದು ಹೊರಗೆ ಎಳೆದಳು.