ನೆಗಡಿಗೂ ನಮ್ಮ ತಟ್ಟೆಗೂ ಏನು ಸಂಬಂಧ?

"ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ." ಈ ಗಾದೆ ನಮಗೆಲ್ಲ ಗೊತ್ತು. ಹಿರಿಯರು ಇದನ್ನು ಸುಮ್ಮನೆ ಹೇಳಿಲ್ಲ. ಆದರೆ ಚೆನ್ನಾಗಿ ಉಂಡವರಿಗೂ ನೆಗಡಿ, ಕೆಮ್ಮು ಬರುತ್ತಲ್ಲ? ಹಾಗಾದರೆ ಊಟದಿಂದ ಏನು ಉಪಯೋಗ? ಬನ್ನಿ ಅಕ್ಕಂದಿರೇ, ತಿಳಿಯೋಣ.

ನೆಗಡಿ ಎಲ್ಲಿಂದ ಬರುತ್ತೆ?

ಮಳೆಗಾಲ ಶುರುವಾದರೆ ಮನೆಮನೆಯಲ್ಲೂ ಸೀನು, ಕೆಮ್ಮು. ಮಳೆಯಲ್ಲಿ ನೆಂದದ್ದಕ್ಕೆ ನೆಗಡಿ ಬಂತು ಅಂತೀವಿ. ಬಾಳೆಹಣ್ಣು ತಿಂದದ್ದಕ್ಕೆ ಕೆಮ್ಮು ಬಂತು ಅಂತೀವಿ. ನಿಜವಾದ ಕಾರಣ ಬೇರೆ ಇದೆ. ಅದರ ಹೆಸರು ವೈರಸ್. ಇದು ಬರಿಗಣ್ಣಿಗೆ ಕಾಣದಷ್ಟು ಸಣ್ಣದು. ನೆಗಡಿ ಆದವರು ಸೀನಿದಾಗ, ಕೆಮ್ಮಿದಾಗ ಹನಿಗಳ ಜೊತೆ ಹೊರಗೆ ಬರುತ್ತೆ. ಆ ಗಾಳಿ ನಮ್ಮ ಮೂಗಿಗೆ ಹೋಗುತ್ತೆ. ಇಲ್ಲವೇ ಅವರು ಮುಟ್ಟಿದ್ದನ್ನು ನಾವು ಮುಟ್ಟಿ, ಅದೇ ಕೈಯಲ್ಲಿ ಕಣ್ಣು, ಮೂಗು ಉಜ್ಜಿಕೊಳ್ತೀವಿ. ವೈರಸ್ ಒಳಗೆ ಬರೋದು ಹೀಗೆ.

ನೆಗಡಿ, ಫ್ಲೂ ಜ್ವರ, ದಡಾರ, 2020 ರಲ್ಲಿ ನಮ್ಮನ್ನೆಲ್ಲ ಹೆದರಿಸಿದ ಕೊರೊನಾ, ಎಲ್ಲವೂ ವೈರಸ್ಸಿನ ಕಾಯಿಲೆಗಳೇ. ಯಾವ ಊಟವೂ, ಯಾವ ಕಷಾಯವೂ ವೈರಸ್ಸನ್ನು ಬಾಗಿಲಲ್ಲೇ ತಡೆಯೋದಿಲ್ಲ. ಹಾಗೆ ಹೇಳಿ ಯಾರಾದರೂ ಪುಡಿ, ಮಾತ್ರೆ ಮಾರಲು ಬಂದರೆ ನಂಬಬೇಡಿ.

ಮತ್ತೆ ಊಟ ಏನು ಮಾಡುತ್ತೆ?

ನಮ್ಮ ಮೈಯೊಳಗೆ ಕಾವಲುಗಾರರು ಇದ್ದಾರೆ. ವೈರಸ್ ಬಂದ ಕೂಡಲೇ ಅವರು ಎದ್ದು ಹೋರಾಡ್ತಾರೆ. ಇದನ್ನೇ ರೋಗ ನಿರೋಧಕ ಶಕ್ತಿ ಅನ್ನೋದು. ಹಸಿದ ಕಾವಲುಗಾರ ಕೋಲು ಎತ್ತಬಲ್ಲನೇ? ಇಲ್ಲ. ಮೈಗೆ ಸರಿಯಾದ ಊಟ ಸಿಗದಿದ್ದರೆ ಈ ಕಾವಲೂ ಸೋಲುತ್ತೆ.

ಗಟ್ಟಿ ಮೈಯವರಿಗೆ ನೆಗಡಿ ಬಂದರೆ ಸಾಮಾನ್ಯವಾಗಿ ವಾರ, ಹತ್ತು ದಿನದಲ್ಲಿ ಹೋಗುತ್ತೆ. ಬಡಕಲು ಮಗುವಿಗೆ ಬಂದರೆ ಅದು ಎದೆಗೆ ಇಳಿದು ನ್ಯುಮೋನಿಯಾ ಆಗುವ ಭಯ ಹೆಚ್ಚು. ನ್ಯುಮೋನಿಯಾ ಮಗುವಿನ ಪ್ರಾಣ ತೆಗೆಯಬಲ್ಲದು. ಒಮ್ಮೆ ಕಾಯಿಲೆ ಬಿದ್ದ ಮಗು ಇನ್ನೂ ಸೊರಗುತ್ತೆ. ಸೊರಗಿದ ಮಗು ಮತ್ತೆ ಕಾಯಿಲೆ ಬೀಳುತ್ತೆ. ಈ ಸುತ್ತನ್ನು ಮುರಿಯೋದು ಊಟ.

ಯಾವ ಊಟ, ಏನು ಕೆಲಸ?

ಬೇಳೆ, ಕಾಳು, ಮೊಟ್ಟೆ, ಹಾಲು, ಮೀನು, ಮಾಂಸ: ಇವುಗಳಲ್ಲಿ ಪ್ರೋಟೀನ್ ಇದೆ. ವೈರಸ್ಸಿನ ಜೊತೆ ಹೋರಾಡುವ ಪದಾರ್ಥವನ್ನು ನಮ್ಮ ಮೈ ಇದರಿಂದಲೇ ತಯಾರಿಸುತ್ತೆ. ಬರೀ ಅನ್ನ, ತಿಳಿಸಾರು ಉಂಡರೆ ಹೊಟ್ಟೆ ತುಂಬುತ್ತೆ, ಶಕ್ತಿ ಸಾಲೋದಿಲ್ಲ. ಮುದ್ದೆಯ ಜೊತೆ ಕಾಳಿನ ಸಾರು ಇರಲಿ. ರೊಟ್ಟಿಯ ಜೊತೆ ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ ಇರಲಿ.

ಸೊಪ್ಪು, ಸಿಹಿಗುಂಬಳ, ಕ್ಯಾರೆಟ್, ಪರಂಗಿ ಹಣ್ಣು, ಮಾವಿನ ಹಣ್ಣು: ಇವುಗಳಿಂದ ಎ ಜೀವಸತ್ವ ಸಿಗುತ್ತೆ. ಮೂಗು, ಗಂಟಲು, ಶ್ವಾಸನಾಳದ ಒಳಗೆ ತೆಳ್ಳನೆಯ ಒದ್ದೆ ಪದರ ಇದೆ. ಅದೇ ಮೈಯ ಮೊದಲ ಬೇಲಿ. ಈ ಬೇಲಿ ಗಟ್ಟಿಯಾಗಿರಲು ಎ ಜೀವಸತ್ವ ಬೇಕು. ದಡಾರ ಬಂದ ಮಗುವಿಗೆ ವೈದ್ಯರು ಎ ಜೀವಸತ್ವದ ದ್ರಾವಣ ಕುಡಿಸೋದು ಇದಕ್ಕೇ. ಸೊಪ್ಪಿಗೆ ಒಂದು ಚಮಚ ಎಣ್ಣೆಯ ಒಗ್ಗರಣೆ ಹಾಕಿ. ಆಗ ಈ ಸತ್ವ ಮೈಗೆ ಚೆನ್ನಾಗಿ ಹತ್ತುತ್ತೆ.

ನೆಲ್ಲಿಕಾಯಿ, ಸೀಬೆಹಣ್ಣು, ನಿಂಬೆಹಣ್ಣು: ಇವುಗಳಲ್ಲಿ ಸಿ ಜೀವಸತ್ವ ಇದೆ. ಕಿತ್ತಳೆಗಿಂತ ಸೀಬೆಯಲ್ಲಿ ಇದು ಹಲವು ಪಟ್ಟು ಹೆಚ್ಚು. ದುಬಾರಿ ಹಣ್ಣೇ ಬೇಕು ಅಂತ ಇಲ್ಲ. ಸೊಪ್ಪಿನಲ್ಲಿ ಇರುವ ಕಬ್ಬಿಣದ ಅಂಶ ಮೈಗೆ ಹತ್ತಲಿಕ್ಕೂ ಸಿ ಜೀವಸತ್ವ ಸಹಾಯ ಮಾಡುತ್ತೆ. ಊಟಕ್ಕೆ ನಿಂಬೆರಸ ಹಿಂಡಿಕೊಳ್ಳಿ. ಊಟದ ಜೊತೆಗೇ ಟೀ ಕುಡಿಯಬೇಡಿ. ಟೀ ಕಬ್ಬಿಣದ ಅಂಶವನ್ನು ಮೈಗೆ ಹತ್ತಗೊಡೋದಿಲ್ಲ.

"ಹಿತ್ತಲ ಗಿಡ ಮದ್ದಲ್ಲ" ಅಂತಾರೆ. ನುಗ್ಗೆ ಮರದ ವಿಷಯದಲ್ಲಿ ಈ ಮಾತು ಸುಳ್ಳು. ಕಾಯಿಯನ್ನು ಕೊಯ್ದು ಸೊಪ್ಪನ್ನು ಮೇಕೆಗೆ ಹಾಕಬೇಡಿ. ಸೊಪ್ಪೂ ನಮ್ಮ ಸಾರಿಗೆ ಬರಲಿ. ನಮ್ಮ ಬಸ್ಸಾರು ನೋಡಿ. ಕಾಳು, ಸೊಪ್ಪು ಬೇಯಿಸಿ ಬಸಿದ ನೀರನ್ನೂ ಅದರಲ್ಲಿ ಚೆಲ್ಲೋದಿಲ್ಲ. ನೀರಿಗೆ ಇಳಿದ ಸತ್ವ ನಮಗೇ ಸಿಗುತ್ತೆ. ನಮ್ಮ ಅಜ್ಜಿಯರ ಜಾಣತನ ಇದು.

ಮೊದಲ ಊಟ ತಾಯಿಹಾಲು

ಹೆರಿಗೆ ಆದ ಕೂಡಲೇ ಬರುವ ಹಳದಿ ಬಣ್ಣದ ಗಟ್ಟಿ ಹಾಲನ್ನು ಕೆಲವರು ಹಿಂಡಿ ಚೆಲ್ಲುತ್ತಾರೆ. ಅದು ಕೆಟ್ಟ ಹಾಲಲ್ಲ. ರೋಗದ ಜೊತೆ ಹೋರಾಡುವ ಪದಾರ್ಥ ಅದರಲ್ಲಿ ತುಂಬಿದೆ. ಹುಟ್ಟಿದ ಒಂದು ಗಂಟೆಯೊಳಗೆ ಕೂಸಿಗೆ ಮೊಲೆ ಕೊಡಬೇಕು. 6 ತಿಂಗಳು ತುಂಬುವವರೆಗೆ ತಾಯಿಹಾಲು ಮಾತ್ರ ಸಾಕು. ಸಕ್ಕರೆ ನೀರು, ಜೇನುತುಪ್ಪ ಬೇಡ. ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪ ಅಪಾಯ. 6 ತಿಂಗಳಾದ ಮೇಲೆ ರಾಗಿ ಸರಿ, ಹಿಸುಕಿದ ಬೇಳೆ ಅನ್ನ, ಬಾಳೆಹಣ್ಣು ತಿನ್ನಿಸಿ. 2 ವರ್ಷದವರೆಗೆ ಹಾಲೂ ಕುಡಿಸಿ.

9 ತಿಂಗಳಿಗೆ ದಡಾರದ ಚುಚ್ಚುಮದ್ದು ಹಾಕಿಸುವಾಗ ಎ ಜೀವಸತ್ವದ ದ್ರಾವಣವನ್ನೂ ಕೊಡ್ತಾರೆ. ಮಗುವಿಗೆ 5 ವರ್ಷ ತುಂಬುವುದರೊಳಗೆ ಇದನ್ನು 9 ಸಲ ಕುಡಿಸಬೇಕು. ಎಷ್ಟು ಸಲ ಆಯ್ತು ಅಂತ ತಾಯಿ ಕಾರ್ಡಿನಲ್ಲಿ ಬರೆದಿರುತ್ತೆ. ಈಗ ನಾವೇ ಓದಿ ನೋಡಬಹುದಲ್ಲ!

ಪಥ್ಯದ ಹೆಸರಲ್ಲಿ ಉಪವಾಸ ಬೇಡ

ಮಗುವಿಗೆ ನೆಗಡಿ ಆದರೆ ಮೊಸರು ಬೇಡ, ಹಣ್ಣು ಬೇಡ, ಶೀತ ಅಂತೀವಿ. ದಡಾರ ಬಂದರೆ "ಅಮ್ಮ ಬಂದಿದ್ದಾಳೆ" ಅಂತ ಬರೀ ಗಂಜಿ ಕೊಡ್ತೀವಿ. ಹೋರಾಡುವ ಹೊತ್ತಿಗೇ ಕಾವಲುಗಾರನ ಬುತ್ತಿ ಕಿತ್ತುಕೊಂಡ ಹಾಗಾಯ್ತು! ಕಾಯಿಲೆಯಲ್ಲಿ ಮಗುವಿಗೆ ಹಸಿವು ಕಡಿಮೆ. ಆದ್ದರಿಂದ ಸ್ವಲ್ಪ ಸ್ವಲ್ಪವಾಗಿ, ಹಲವು ಸಲ ಕೊಡಿ. ಮೊಲೆಹಾಲು ನಿಲ್ಲಿಸಬೇಡಿ. ಗುಣವಾದ ಮೇಲೆ ಎರಡು ವಾರ ದಿನಕ್ಕೆ ಒಂದು ಊಟ ಹೆಚ್ಚಿಗೆ ಕೊಡಿ. ಸೊರಗಿದ ಮೈ ತುಂಬಿಕೊಳ್ಳುತ್ತೆ.

ಕೊನೆಗೆ ಉಣ್ಣೋರು ಯಾರು?

ಈಗ ನಮ್ಮ ತಟ್ಟೆ ನೋಡಿಕೊಳ್ಳೋಣ. ಮೊದಲು ಗಂಡಸರಿಗೆ, ಆಮೇಲೆ ಮಕ್ಕಳಿಗೆ ಬಡಿಸ್ತೀವಿ. ಮೊಟ್ಟೆ ಒಂದೇ ಇದ್ದರೆ ಅದು ಮಗನಿಗೆ. ಕೊನೆಗೆ ಪಾತ್ರೆಯ ತಳ ಕೆರೆದು ನಾವು ಉಣ್ತೀವಿ. ಸಾರಿನಲ್ಲಿ ಕಾಳೇ ಉಳಿದಿರೋದಿಲ್ಲ. ಇದನ್ನು ತ್ಯಾಗ ಅಂತ ಹೊಗಳ್ತಾರೆ. ನಮ್ಮ ಮೈ ಹೊಗಳಿಕೆಯಿಂದ ನಡೆಯೋದಿಲ್ಲ.

2019-21 ರಲ್ಲಿ ಸರ್ಕಾರ ದೇಶದಾದ್ಯಂತ ಆರೋಗ್ಯ ಸಮೀಕ್ಷೆ ನಡೆಸಿತು. 15 ರಿಂದ 49 ವರ್ಷದ 100 ಹೆಂಗಸರಲ್ಲಿ 57 ಮಂದಿಗೆ ರಕ್ತ ಕಡಿಮೆ ಇತ್ತು. ಕರ್ನಾಟಕದಲ್ಲಿ 100 ಕ್ಕೆ ಸುಮಾರು 48. ಅಂದರೆ ನಮ್ಮಲ್ಲಿ ಹೆಚ್ಚೂಕಡಿಮೆ ಇಬ್ಬರಿಗೆ ಒಬ್ಬರು. ಕಬ್ಬಿಣದ ಅಂಶ ಕಡಿಮೆ ಇದ್ದರೆ ಸುಸ್ತು ಬರುತ್ತೆ, ರೋಗದ ಜೊತೆ ಹೋರಾಡುವ ಶಕ್ತಿಯೂ ತಗ್ಗುತ್ತೆ. ಮನೆಯಲ್ಲಿ ಯಾರಿಗೆ ಜ್ವರ ಬಂದರೂ ಆರೈಕೆ ಮಾಡೋರು ನಾವು. ವೈರಸ್ಸಿಗೆ ಹತ್ತಿರ ಇರೋರೂ ನಾವೇ. ನಮಗೇ ಬಲ ಇಲ್ಲದಿದ್ದರೆ ಹೇಗೆ?

ಆದ್ದರಿಂದ ಎಲ್ಲರೂ ಒಟ್ಟಿಗೆ ಕೂತು ಉಣ್ಣೋಣ. ಆಗದಿದ್ದರೆ, ಬಡಿಸುವ ಮೊದಲೇ ನಮ್ಮ ಪಾಲು ತೆಗೆದಿಡೋಣ. ಮಗಳಿಗೂ ಮಗನಷ್ಟೇ ಬಡಿಸೋಣ. ಬಸುರಿಯರು, ಬಾಣಂತಿಯರು ಅಂಗನವಾಡಿಯ ಊಟ ಬಿಡಬಾರದು. ಕಬ್ಬಿಣದ ಮಾತ್ರೆಯನ್ನು ಡಬ್ಬಿಯಲ್ಲಿ ಇಡದೆ ನುಂಗಬೇಕು.

ಊಟವೊಂದೇ ಸಾಲದು

ಸೋಪು ಹಚ್ಚಿ ಕೈ ತೊಳೆಯಿರಿ. ಕೆಮ್ಮುವಾಗ ಬಾಯಿಗೆ ಸೆರಗು ಹಿಡಿಯಿರಿ. ಅಡುಗೆಯ ಹೊಗೆ ಹೊರಗೆ ಹೋಗಲಿ. ಚುಚ್ಚುಮದ್ದು ತಪ್ಪಿಸಬೇಡಿ.

ಕೆಮ್ಮುವ ಮಗು ಮಲಗಿದ್ದಾಗ ಅದರ ಉಸಿರನ್ನು ಒಂದು ನಿಮಿಷ ಗಡಿಯಾರ ನೋಡಿ ಎಣಿಸಿ.
2 ತಿಂಗಳೊಳಗಿನ ಕೂಸು: 60 ಅಥವಾ ಹೆಚ್ಚು,
2 ತಿಂಗಳಿಂದ 1 ವರ್ಷದೊಳಗೆ: 50 ಅಥವಾ ಹೆಚ್ಚು,
1 ರಿಂದ 5 ವರ್ಷದೊಳಗೆ: 40 ಅಥವಾ ಹೆಚ್ಚು ಇದ್ದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ. ಉಸಿರೆಳೆದಾಗ ಪಕ್ಕೆ ಒಳಗೆ ಸೆಳೆದರೆ, ಮಗು ಹಾಲು ಕುಡಿಯದಿದ್ದರೆ ಆಗಲೂ ಓಡಿ. ಇಂಥ ಹೊತ್ತಲ್ಲಿ ಮನೆಮದ್ದು ಮಾಡುತ್ತ ಕೂರಬೇಡಿ.

ಮಾಡಿ ನೋಡೋಣ

ಏಳು ದಿನ ನೀವು ಏನೇನು ಉಂಡಿರಿ ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಕಾಳು ಎಷ್ಟು ದಿನ? ಸೊಪ್ಪು ಎಷ್ಟು ದಿನ? ಹಣ್ಣು ಎಷ್ಟು ದಿನ? ನಿಮ್ಮ ಕೇಂದ್ರದಲ್ಲಿ ಎಲ್ಲರೂ ಗಟ್ಟಿಯಾಗಿ ಓದಿ ಹೇಳಿ. ಯಾರ ತಟ್ಟೆಯಲ್ಲಿ ಏನು ಕಡಿಮೆ, ಅದನ್ನು ಹೇಗೆ ತುಂಬೋದು ಅಂತ ಕೂಡಿ ಮಾತಾಡಿ.